ಮರಕ್ಕೆ ಏನಾಗಿದೆ? ಬುಡದಿಂದ ನೋಡುತ್ತ ಮೇಲೆ ಹೋಗಿ: ಮನೆ ತೋಟದ ದೋಷ ನಿವಾರಣೆ ಕೈಪಿಡಿ

ನಮ್ಮ ಹಿತ್ತಲ ನಿಂಬೆ ಗಿಡದ ಎಲೆ ಹಳದಿಯಾದಾಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಂಗಡಿಗೆ ಹೋಗಿ "ಎಲೆ ಹಳದಿಯಾಗಿದೆ" ಅಂದೆ. ಒಂದು ಪುಡಿ ಕೊಟ್ಟರು. ಹದಿನೈದು ದಿನ ಕಾದೆ, ಏನೂ ಆಗಲಿಲ್ಲ. ಮತ್ತೆ ಹೋದೆ, ಒಂದು ಬಾಟಲಿ ಕೊಟ್ಟರು. ಅದೂ ಮುಗಿಯಿತು. ಮೂರನೇ ಸಲ ನಾನೇ ಡಾಕ್ಟರಾಗಿ ಬುಡಕ್ಕೆ ಎರಡು ಬೊಗಸೆ ಯೂರಿಯಾ ಸುರಿದು, ಮೇಲೆ ಚೆನ್ನಾಗಿ ನೀರು ಬಿಟ್ಟೆ. ವಾರದಲ್ಲಿ ಅರ್ಧ ಎಲೆ ಉದುರಿತು.

ಕೊನೆಗೆ ಪಕ್ಕದ ತೋಟದ ಅಜ್ಜ ಬಂದರು. ಎಲೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಲ್ಲಿ ಮಣ್ಣು ಕೆದಕಿದರು. "ಅಲ್ಲ ಮಾರಾಯ, ಗಿಡಕ್ಕೆ ಕುತ್ತಿಗೆವರೆಗೆ ಮಣ್ಣು ಏರಿಸಿದೀಯಲ್ಲ, ಅದು ಉಸಿರಾಡೋದು ಹೇಗೆ?" ಅಂದರು. ಕಸಿ ಗಂಟು ನಾಲ್ಕು ಇಂಚು ಮಣ್ಣಿನೊಳಗೆ ಹೂತುಹೋಗಿತ್ತು. ಅಲ್ಲಿ ತೊಗಟೆ ಮೆತ್ತಗಾಗಿ, ಕಂದು ಅಂಟು ಸೋರಿ, ಹುಳಿ ವಾಸನೆ ಹೊಡೆಯುತ್ತಿತ್ತು. ದೋಷ ಇದ್ದದ್ದು ಬುಡದಲ್ಲಿ, ನಾನು ಮೂರು ತಿಂಗಳು ಔಷಧಿ ಹೊಡೆದದ್ದು ಎಲೆಗೆ.

ಅವತ್ತಿನಿಂದ ನನ್ನ ಪದ್ಧತಿ ಒಂದೇ. ಏನೇ ತೊಂದರೆ ಕಂಡರೂ ಬುಡದಿಂದ ಶುರು. ಆಮೇಲೆ ಕಾಂಡ, ಆಮೇಲೆ ಎಲೆ, ಕೊನೆಗೆ ಹೂವು, ಕಾಯಿ. ಈ ಕೈಪಿಡಿಯೂ ಅದೇ ಕ್ರಮದಲ್ಲಿದೆ. ನಮ್ಮದು ಶಿವಮೊಗ್ಗ ಕಡೆಯ ಅರೆಮಲೆನಾಡು. ಇಪ್ಪತ್ತು ಗುಂಟೆ ಜಾಗದಲ್ಲಿ ಮಾವು, ಹಲಸು, ಗೇರು, ತೆಂಗು, ನಿಂಬೆ, ಸಪೋಟ, ಪೇರಲೆ, ಒಂದು ಬೆಣ್ಣೆಹಣ್ಣು ಇವೆ. ಬಯಲುಸೀಮೆಯವರಿಗೆ ಎಲ್ಲಿ ಬೇರೆ ಲೆಕ್ಕ ಬೇಕೋ ಅಲ್ಲಿ ಹೇಳುತ್ತೇನೆ.

ಕೈಯಲ್ಲಿ ಬೇಕಾದದ್ದು ಹೆಚ್ಚೇನಿಲ್ಲ. ಒಂದು ಕಳೆಗುದ್ದಲಿ, ಹರಿತವಾದ ಚೂರಿ, ಒಂದು ಭೂತಗನ್ನಡಿ, ಗಟ್ಟಿ ತಂತಿ, ಮತ್ತೆ ಒಂದು ನೋಟ್‌ಬುಕ್. ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ನೋಟ್‌ಬುಕ್ಕೇ.

ಮುಟ್ಟುವ ಮೊದಲು ನಾಲ್ಕು ಪ್ರಶ್ನೆ

ಒಂದು ಮರಕ್ಕೆ ಆಗಿದೆಯೋ, ಎಲ್ಲಕ್ಕೂ ಆಗಿದೆಯೋ? ಇದು ಮೊದಲ ಪ್ರಶ್ನೆ. ಹುಳ, ರೋಗಗಳಿಗೆ ನಾಲಿಗೆ ರುಚಿ ಇದೆ. ಮಾವಿನ ಜಿಗಿಹುಳು ನಿಂಬೆಗೆ ಹೋಗುವುದಿಲ್ಲ, ನಿಂಬೆಯ ಕಜ್ಜಿ ರೋಗ ಸಪೋಟಕ್ಕೆ ಬರುವುದಿಲ್ಲ. ಹಾಗಾಗಿ ಮಾವು, ಪೇರಲೆ, ನಿಂಬೆ, ಪಕ್ಕದ ದಾಸವಾಳ ಎಲ್ಲವೂ ಒಟ್ಟಿಗೆ ಎಲೆ ಸುಟ್ಟುಕೊಂಡರೆ ಅದು ರೋಗ ಅಲ್ಲ. ನೀರು, ಮಣ್ಣು, ಇಲ್ಲವೇ ಯಾರೋ ಹೊಡೆದ ಕಳೆನಾಶಕ ಗಾಳಿಯಲ್ಲಿ ತೂರಿ ಬಂದಿರಬೇಕು.

ಎರಡನೆಯದು, ಒಂದೇ ರಾತ್ರಿಯಲ್ಲಿ ಆಯಿತೋ, ತಿಂಗಳುಗಟ್ಟಲೆ ನಿಧಾನವಾಗಿ ಬಂತೋ? ರೋಗ ನಿಧಾನವಾಗಿ ಹರಡುತ್ತದೆ. ನಿನ್ನೆ ಹಸಿರಿದ್ದು ಇವತ್ತು ಸುಟ್ಟಂತಾದರೆ ನಿನ್ನೆ ಮೊನ್ನೆ ನೀವೇ ಏನು ಹಾಕಿದಿರಿ ಅಂತ ನೆನಪು ಮಾಡಿಕೊಳ್ಳಿ.

ಮೂರನೆಯದು, ಇಡೀ ಮರವೋ, ಒಂದೇ ಕೊಂಬೆಯೋ? ಒಂದೇ ಕೊಂಬೆ ಒಣಗಿದರೆ ತೊಂದರೆ ಆ ಕೊಂಬೆಯಲ್ಲೇ ಎಲ್ಲೋ ಇದೆ, ಇಲ್ಲವೇ ಆ ಕಡೆಯ ಬೇರಿನಲ್ಲಿ. ನಾಲ್ಕನೆಯದು, ಕಳೆದ ಮೂರು ತಿಂಗಳಲ್ಲಿ ಆ ಮರದ ಹತ್ತಿರ ಏನು ಬದಲಾಯಿತು? ಗೋಡೆ ಕಟ್ಟಿದಿರಾ, ಗುಂಡಿ ತೆಗೆದಿರಾ, ಟೈಲ್ಸ್ ಹಾಕಿದಿರಾ, ಬಚ್ಚಲ ನೀರಿನ ಪೈಪು ತಿರುಗಿಸಿದಿರಾ? ಅರ್ಧ ದೋಷಗಳು ಈ ನಾಲ್ಕನೇ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತವೆ.

ಬುಡ

ಮನೆ ತೋಟದ ಮರಗಳು ಹೆಚ್ಚಾಗಿ ಸೊರಗುವುದು ನಿರ್ಲಕ್ಷ್ಯದಿಂದ ಅಲ್ಲ, ಅಕ್ಕರೆಯಿಂದ. ದಿನಾ ನೀರು, ಬುಡಕ್ಕೆ ಒತ್ತಿ ಗೊಬ್ಬರ, ಸುತ್ತ ಚೆಂದದ ಇಟ್ಟಿಗೆ ಕಟ್ಟೆ. ಕಟ್ಟೆ ತುಂಬುವಂತೆ ಮಣ್ಣು. ನೋಡಲು ಚೆನ್ನಾಗಿರುತ್ತದೆ, ಒಳಗೆ ಕಾಂಡ ಕೊಳೆಯುತ್ತಿರುತ್ತದೆ.

ಮೊದಲು ಕಸಿ ಗಂಟು ಹುಡುಕಿ. ಕಸಿ ಗಿಡವಾದರೆ ಬುಡದ ಹತ್ತಿರ ಒಂದು ಉಬ್ಬು, ಇಲ್ಲವೇ ಕಾಂಡದ ಬಣ್ಣ ಬದಲಾಗುವ ಗೆರೆ ಕಾಣಬೇಕು. ಅದು ಮಣ್ಣಿನಿಂದ ಕನಿಷ್ಠ ನಾಲ್ಕು ಬೆರಳು ಮೇಲಿರಬೇಕು. ಕಾಣದಿದ್ದರೆ ಅದು ಹೂತಿದೆ. ಕೈಯಲ್ಲೇ ನಿಧಾನವಾಗಿ ಮಣ್ಣು ಸರಿಸಿ. ಗುದ್ದಲಿ ಹಾಕಿದರೆ ತೊಗಟೆಗೆ ಪೆಟ್ಟು ಬೀಳುತ್ತದೆ.

ಈಗ ತೊಗಟೆಯನ್ನು ಉಗುರಿನಲ್ಲಿ ಗೀರಿ. ಒಳಗೆ ಹಸಿರು ಅಥವಾ ಕೆನೆಬಣ್ಣ ಇದ್ದು ಗಟ್ಟಿಯಾಗಿದ್ದರೆ ಜೀವ ಇದೆ. ಕಂದು ಬಣ್ಣ, ಮೆತ್ತಗೆ, ವಾಸನೆ ಇದ್ದರೆ ಕೊಳೆತಿದೆ. ಕೊಳೆ ಕಾಂಡದ ಸುತ್ತ ಎಷ್ಟು ದೂರ ಹೋಗಿದೆ ನೋಡಿ. ಅರ್ಧ ಸುತ್ತಿಗಿಂತ ಕಡಿಮೆ ಇದ್ದರೆ ಉಳಿಸಬಹುದು. ಪೂರ್ತಿ ಸುತ್ತಿದ್ದರೆ ಹೊಸ ಗಿಡ ತನ್ನಿ. ಸುಮ್ನೆ ಎರಡು ವರ್ಷ ಕಾಯಬೇಡಿ.

ಉಳಿಸುವ ಕ್ರಮ ಹೀಗೆ. ಕೊಳೆತ ತೊಗಟೆಯನ್ನು ಒಳ್ಳೆಯ ಭಾಗ ಸಿಗುವವರೆಗೆ ಚೂರಿಯಲ್ಲಿ ಕೆರೆದು ತೆಗೆಯಿರಿ. ಒಂದು ದಿನ ಗಾಳಿಗೆ ಬಿಡಿ. ಆಮೇಲೆ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ್ದು ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿ. ಸರಿಯಾಗಿದೆಯೋ ಅಂತ ನೋಡಲು ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ. ಚೂರಿಗೆ ಕೆಂಪು ಕಲೆ ಹತ್ತಿದರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಹಾಕಿ. ಮಾಡಿದ ದಿನವೇ ಹಚ್ಚಿ ಮುಗಿಸಬೇಕು. ಇದನ್ನೇ 10 ಲೀಟರ್ ನೀರಿಗೆ ಮಾಡಿದರೆ ಸಿಂಪಡಿಸುವ 1 ಪರ್ಸೆಂಟ್ ಬೋರ್ಡೋ ದ್ರಾವಣ.

ಅಡಿಕೆ ಇರುವವರಿಗೆ ನಾನು ಇದನ್ನು ಹೇಳಿಕೊಡುವುದು ಅಧಿಕಪ್ರಸಂಗವೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಮಲೆನಾಡಿನಲ್ಲಿ ರೂಢಿಗೆ ತಂದು ನೂರು ವರ್ಷ ದಾಟಿತು. ಸ್ವಾರಸ್ಯ ಏನೆಂದರೆ, ಅಡಿಕೆಯ ಕೊಳೆ ಮತ್ತು ನಿಂಬೆಯ ಬುಡದ ಅಂಟು ಎರಡನ್ನೂ ತರುವುದು ಫೈಟಾಫ್ತೊರಾ ಎಂಬ ಒಂದೇ ಬಳಗದ ಜೀವಿಗಳು. ಅದಕ್ಕೆ ನಿಂತ ನೀರು ಅಂದರೆ ಹಬ್ಬ.

ಆದ್ದರಿಂದ ಮುಂದಿನ ಪರೀಕ್ಷೆ ನೀರಿನದು. ಮರದ ಬುಡದಿಂದ ಆರು ಅಡಿ ದೂರದಲ್ಲಿ ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಮಾರನೇ ದಿನವೂ ನಿಂತಿದ್ದರೆ ನಿಮ್ಮ ಮಣ್ಣಿಗೆ ಬಸಿಯುವ ಗುಣ ಇಲ್ಲ. ಅಲ್ಲಿ ಬೆಣ್ಣೆಹಣ್ಣು ಬದುಕುವುದಿಲ್ಲ, ನಿಂಬೆ ಕಷ್ಟ, ಹಲಸು ಕೂಡ ಸೊರಗುತ್ತದೆ. ಬಸಿಗಾಲುವೆ ತೆಗೆಯಿರಿ, ಹೊಸ ಗಿಡವನ್ನು ಒಂದೂವರೆ ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ.

ಬೇರನ್ನೂ ಒಮ್ಮೆ ನೋಡಿ. ನಡು ಮಧ್ಯಾಹ್ನ ಮರದ ನೆರಳು ಎಲ್ಲಿವರೆಗೆ ಬೀಳುತ್ತದೋ ಆ ಅಂಚಿನಲ್ಲಿ ಅರ್ಧ ಅಡಿ ಕೆದಕಿದರೆ ಸಣ್ಣ ಬೇರುಗಳು ಸಿಗುತ್ತವೆ. ಒಂದನ್ನು ಹಿಡಿದು ಬೆರಳುಗಳ ನಡುವೆ ಎಳೆಯಿರಿ. ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಒಳಗೆ ದಾರ ಮಾತ್ರ ಉಳಿದರೆ ಬೇರು ಕೊಳೆತಿದೆ. ಗಟ್ಟಿಯಾಗಿ ಬಿಳಿ ತುದಿ ಇದ್ದರೆ ಬೇರು ಚೆನ್ನಾಗಿದೆ, ದೋಷ ಮೇಲೆಲ್ಲೋ ಇದೆ. ಅಂದಹಾಗೆ, ನೀರು, ಗೊಬ್ಬರ ಕೊಡಬೇಕಾದ್ದೂ ಈ ಅಂಚಿನಲ್ಲೇ. ಕಾಂಡಕ್ಕೆ ತಾಗಿಸಿ ಕೊಟ್ಟದ್ದು ಮರದ ಬಾಯಿಗೆ ಹೋಗುವುದಿಲ್ಲ.

ಬಚ್ಚಲ ನೀರಿನ ಬಗ್ಗೆ ಒಂದು ಮಾತು. ತೆಂಗು ಉಪ್ಪು, ಸೋಪು ಎಲ್ಲವನ್ನೂ ಒಂದು ಮಟ್ಟಕ್ಕೆ ತಡೆದುಕೊಳ್ಳುತ್ತದೆ. ನಿಂಬೆ ಮತ್ತು ಬೆಣ್ಣೆಹಣ್ಣು ತಡೆಯುವುದಿಲ್ಲ. ಬೆಣ್ಣೆಹಣ್ಣಿನ ಎಲೆಯ ತುದಿ, ಅಂಚು ಕಂದಾಗಿ ಒಣಗುತ್ತಿದ್ದರೆ ಶಿಲೀಂಧ್ರನಾಶಕ ಹುಡುಕುವ ಮೊದಲು ಆ ನೀರು ಎಲ್ಲಿಂದ ಬರುತ್ತಿದೆ ನೋಡಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೂ ಇದೇ ಕತೆ.

ಕಾಂಡ

ಕಾಂಡದಲ್ಲಿ ಮೊದಲು ಹುಡುಕಬೇಕಾದ್ದು ಹೊಟ್ಟು. ಮಾವಿನ ಕಾಂಡದಲ್ಲಿ ತೂತು, ಅದರ ಕೆಳಗೆ ಮರದ ಪುಡಿ ಬಿದ್ದಿದ್ದರೆ ಒಳಗೆ ಕಾಂಡ ಕೊರಕ ಹುಳ ಇದೆ. ತಂತಿಯ ತುದಿ ಬಗ್ಗಿಸಿ ತೂತಿನೊಳಗೆ ಹಾಕಿ ಎಳೆಯಿರಿ. ಬೆರಳು ಗಾತ್ರದ ಬಿಳಿ ಹುಳ ಬಂದರೆ ಕೆಲಸ ಮುಗಿಯಿತು. ತೂತನ್ನು ಹಸಿ ಜೇಡಿಯಿಂದ ಮುಚ್ಚಿ. ವಾರ ಬಿಟ್ಟು ಹೊಸ ಪುಡಿ ಬಿದ್ದಿದೆಯೇ ನೋಡಿ, ಬಿದ್ದಿದ್ದರೆ ಇನ್ನೊಂದು ಒಳಗಿದೆ.

ಪೇರಲೆ, ಸಪೋಟದ ಕವಲುಗಳಲ್ಲಿ ಹಿಕ್ಕೆ ಮತ್ತು ಬಲೆ ಸೇರಿ ಕಂದು ಪಟ್ಟಿಯ ಹಾಗೆ ತೊಗಟೆ ಮೇಲೆ ಹರಿದಿದ್ದರೆ ಅದು ತೊಗಟೆ ತಿನ್ನುವ ಹುಳ. ಪಟ್ಟಿ ಗುಡಿಸಿ ತೆಗೆದರೆ ಕವಲಿನಲ್ಲಿ ತೂತು ಕಾಣುತ್ತದೆ. ಹಗಲು ಅಲ್ಲೇ ಮಲಗಿರುತ್ತದೆ. ಅದೇ ತಂತಿ ವೈದ್ಯ ಇದಕ್ಕೂ ಸಾಕು.

ತೊಗಟೆ ಮೇಲೆ ಗೆದ್ದಲಿನ ಮಣ್ಣು ಕಂಡು ಗಾಬರಿಯಾಗುವವರು ತುಂಬ. ದೊಡ್ಡ ಮರದಲ್ಲಿ ಅದು ಸತ್ತ ಹೊರತೊಗಟೆಯನ್ನಷ್ಟೇ ತಿನ್ನುತ್ತಿರುತ್ತದೆ. ಒರೆಸಿ ಬಿಡಿ. ಆದರೆ ವರ್ಷದೊಳಗಿನ ಸಸಿಗೆ ಹತ್ತಿದರೆ ಅದು ನಿಜವಾದ ಅಪಾಯ. ಹಾಗೆಯೇ ಮಲೆನಾಡಿನ ಮರಗಳ ಮೇಲೆ ಬೂದು ಹಸಿರು ಕಲ್ಲುಹೂವು ಬೆಳೆಯುತ್ತದಲ್ಲ, ಅದರಿಂದ ಮರಕ್ಕೆ ಏನೂ ತೊಂದರೆ ಇಲ್ಲ. ಅಡಿಗೆಗೆ ಮಸಾಲೆಯಾಗಿ ದುಡ್ಡು ಕೊಟ್ಟು ತರುವುದೂ ಅದರ ಅಣ್ಣತಮ್ಮಂದಿರನ್ನೇ.

ಬಂದಳಿಕೆ ಮಾತ್ರ ಹಾಗಲ್ಲ. ಮಾವು, ಸಪೋಟದ ಕೊಂಬೆಯಲ್ಲಿ ಬೇರೆ ಆಕಾರದ ಎಲೆಯ ಪೊದೆ ಕಂಡರೆ ಅದೇ. ಹಕ್ಕಿ ಅದರ ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ, ಬೀಜ ಅಲ್ಲೇ ಬೇರು ಇಳಿಸಿ ಮರದ ನೀರು ಕುಡಿಯುತ್ತದೆ. ಮೇಲಿಂದ ಮುರಿದರೆ ಮತ್ತೆ ಚಿಗುರುತ್ತದೆ. ಅಂಟಿಕೊಂಡ ಜಾಗಕ್ಕಿಂತ ಒಂದು ಅಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಹೂ ಬಿಡುವ ಮೊದಲು ಕತ್ತರಿಸಿದರೆ ಪಕ್ಕದ ಮನೆಯ ಮರಕ್ಕೂ ಉಪಕಾರ.

ಇನ್ನೊಂದು ದೋಷ ಕಣ್ಣೆದುರೇ ಇದ್ದರೂ ಗೊತ್ತಾಗುವುದಿಲ್ಲ. ಕಸಿ ಮಾಡಿದ ಮೇಲಿನ ಭಾಗ ಸತ್ತು, ಕೆಳಗಿನ ಕಾಡು ಗಿಡ ಚಿಗುರಿ ಮರವಾಗಿರುತ್ತದೆ. "ನರ್ಸರಿಯವರು ಮೋಸ ಮಾಡಿದರು, ಬಾದಾಮಿ ಮಾವು ಅಂತ ಕೊಟ್ಟು ಹುಳಿ ಮಾವು ಬಂತು" ಅನ್ನುವವರಲ್ಲಿ ಹಲವರ ಕತೆ ಇದು. ಕಸಿ ಗಂಟಿನ ಕೆಳಗೆ ಬಂದ ಚಿಗುರನ್ನು ಬೆರಳಲ್ಲಿ ಆಗಾಗ ಚಿವುಟುತ್ತಿರಬೇಕು. ನಿಂಬೆ ಜಾತಿಯ ಗಿಡದಲ್ಲಿ ಬುಡದ ಚಿಗುರಿಗೆ ಮುಳ್ಳು ಜಾಸ್ತಿ, ಎಲೆ ಬೇರೆ ಥರ ಇದ್ದರೆ ಅನುಮಾನವೇ ಬೇಡ.

ಎಲೆ

ಎಲೆ ಹಳದಿ ಅಂದರೆ ಸಾಲದು. ಯಾವ ಎಲೆ? ಹಳೆಯದೋ, ಹೊಸದೋ? ಇದೊಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಸಾರಜನಕ, ಪೊಟ್ಯಾಶ್, ಮೆಗ್ನೀಷಿಯಂ ಇವುಗಳನ್ನು ಮರ ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು. ಕೊರತೆ ಬಂದಾಗ ಹಳೆ ಎಲೆಯಿಂದ ಕಿತ್ತು ಮಕ್ಕಳಿಗೆ ಕೊಡುತ್ತದೆ. ಹಾಗಾಗಿ ಹಳೆ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಸತು, ಬೋರಾನ್ ಹಾಗೆ ಸುಲಭವಾಗಿ ಸಾಗುವುದಿಲ್ಲ. ಅವುಗಳ ಕೊರತೆ ಹೊಸ ಚಿಗುರಿನಲ್ಲಿ ಕಾಣುತ್ತದೆ.

ಹಳೆ ಎಲೆ ಪೂರ್ತಿ ಒಂದೇ ಸಮ ಹಳದಿಯಾದರೆ ಸಾರಜನಕ. ಹಳೆ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಶ್. ನಿಂಬೆಯ ಹಳೆ ಎಲೆಯಲ್ಲಿ ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದು ಸುತ್ತ ಹಳದಿಯಾದರೆ ಮೆಗ್ನೀಷಿಯಂ. ಜೋರು ಮಳೆಗೆ ತೊಳೆದುಹೋಗುವ ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಇದು ಮಾಮೂಲಿ. ಹೊಸ ಎಲೆ ಚಿಕ್ಕದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಬಂದರೆ ಸತು. ಹೊಸ ಎಲೆ ಪೂರ್ತಿ ಬಿಳಿಚಿಕೊಂಡು ನರಗಳು ಮಾತ್ರ ಹಸಿರು ದಾರದಂತೆ ಉಳಿದರೆ ಕಬ್ಬಿಣ. ಸುಣ್ಣದ ಅಂಶ ಜಾಸ್ತಿ ಇರುವ ಬಯಲುಸೀಮೆ ಮಣ್ಣಿನಲ್ಲಿ ಈ ಕೊನೆಯದು ಹೆಚ್ಚು. ಅಲ್ಲಿ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ.

ಸತುವಿಗೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಜೊತೆಗೆ ಎರಡೂವರೆ ಗ್ರಾಂ ಸುಣ್ಣ ಸೇರಿಸಿ ಹೊಸ ಎಲೆ ಬಲಿಯುವ ಹೊತ್ತಿಗೆ ಸಿಂಪಡಿಸಿ. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾವಿಗೆ, ನಿಂಬೆಗೆ ಬೇರೆ ಬೇರೆ ಲಘು ಪೋಷಕಾಂಶದ ಪುಡಿ ಮಾಡಿದ್ದಾರೆ, ಅರ್ಕಾ ಮ್ಯಾಂಗೋ ಸ್ಪೆಷಲ್, ಅರ್ಕಾ ಸಿಟ್ರಸ್ ಸ್ಪೆಷಲ್ ಅಂತ. ಅಳತೆ ಮಾಡುವ ತಾಪತ್ರಯ ಬೇಡದವರಿಗೆ ಅದು ಸುಲಭ. ಆದರೆ ಬೇರು ಕೊಳೆತ ಗಿಡವೂ ಇದೇ ಥರ ಹಳದಿಯಾಗುತ್ತದೆ, ಮಣ್ಣಿನಲ್ಲಿ ಎಲ್ಲ ಇದ್ದರೂ ಎಳೆದುಕೊಳ್ಳಲು ಬಾಯಿಲ್ಲ. ಅದಕ್ಕೇ ಬುಡ ಮೊದಲು ಅಂದದ್ದು.

ಎಲೆ ಮೇಲೆ ಮಸಿ ಬಳಿದಂತಿದ್ದರೆ ಬೆರಳಲ್ಲಿ ಒರೆಸಿ. ಬೆರಳಿಗೆ ಹತ್ತಿದರೆ ಅದು ರೋಗ ಅಲ್ಲ, ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಅಂಟು ಎಲ್ಲಿಂದ ಬಂತು? ಮೇಲಿನ ಎಲೆಯ ಅಡಿಭಾಗ ತಿರುಗಿಸಿ ನೋಡಿ. ಜಿಗಿಹುಳು, ಹಿಟ್ಟು ತಿಗಣೆ, ಬಿಳಿನೊಣ, ಯಾವುದೋ ಒಂದು ರಸ ಹೀರುತ್ತಿರುತ್ತದೆ. ಅದನ್ನು ಹಿಡಿಯಿರಿ, ಮಸಿ ತಾನೇ ಹೋಗುತ್ತದೆ. ಅವಸರ ಇದ್ದವರು ತೆಳು ಗಂಜಿ ಸಿಂಪಡಿಸಿದರೆ ಒಣಗಿ ಪಕಳೆಯಾಗಿ ಉದುರುತ್ತದೆ.

ನಿಂಬೆಯ ಎಲೆ ಮೇಲೆ ಬೆಳ್ಳಿ ಗೆರೆಯ ಚಿತ್ತಾರ ಇದ್ದರೆ ರಂಗೋಲಿ ಹುಳು. ಬೆಳೆದ ಗಿಡಕ್ಕೆ ಅದರಿಂದ ಅಂಥ ನಷ್ಟ ಇಲ್ಲ. ಹಕ್ಕಿ ಹಿಕ್ಕೆಯಂಥ ಹುಳ ಎಲೆ ಮೇಲೆ ಕೂತಿದ್ದರೆ ಅದು ನಿಂಬೆ ಚಿಟ್ಟೆಯ ಮರಿ, ಕೈಯಲ್ಲಿ ಹೆಕ್ಕಿ. ಎಲೆಯ ಎರಡೂ ಕಡೆ ಉಬ್ಬಿದ ಒರಟು ಚುಕ್ಕೆ, ಸುತ್ತ ಹಳದಿ ಉಂಗುರ ಇದ್ದರೆ ಕಜ್ಜಿ ರೋಗ. ಹತ್ತಿದ ಕಡ್ಡಿಗಳನ್ನು ಒಣ ಹವೆಯಲ್ಲಿ ಕತ್ತರಿಸಿ ಸುಟ್ಟು, ಬೋರ್ಡೋ ಹೊಡೆಯಿರಿ. ಮಳೆಯಲ್ಲಿ ಕತ್ತರಿಸಿದರೆ ಕತ್ತರಿಯೇ ಅದನ್ನು ಊರೆಲ್ಲ ಹಂಚುತ್ತದೆ.

ಮಾವಿನ ಚಿಗುರು ತಾಮ್ರದ ಬಣ್ಣದಲ್ಲಿ ಜೋತು ಬಿದ್ದಿದ್ದರೆ ಅದು ದೋಷ ಅಲ್ಲ. ಪೇಟೆಯಿಂದ ಬಂದ ನಮ್ಮ ನೆಂಟರೊಬ್ಬರು ಅದಕ್ಕೂ ಔಷಧಿ ಕೇಳಿದ್ದರು.

ಹೂವು: ಮಾವು ಯಾಕೆ ಕಾಯಿ ಕಚ್ಚುವುದಿಲ್ಲ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದೇ. ಮರ ಚೆನ್ನಾಗಿದೆ, ಎಲೆ ಹಸಿರಾಗಿದೆ, ಹೂವೇ ಇಲ್ಲ.

ಮೊದಲು ವಯಸ್ಸು ಕೇಳಿ. ಕಸಿ ಮಾವು ಮೂರರಿಂದ ಐದು ವರ್ಷಕ್ಕೆ ಫಲ ಶುರು ಮಾಡುತ್ತದೆ. ಓಟೆಯಿಂದ ಬಂದ ಗಿಡವಾದರೆ ಆರೇಳು ವರ್ಷ, ಕೆಲವೊಮ್ಮೆ ಹತ್ತು. ಆಮೇಲೆ ತಳಿ. ಬಾದಾಮಿ, ರಸಪುರಿ ಒಂದು ವರ್ಷ ಸುರಿದು ಮುಂದಿನ ವರ್ಷ ಸುಮ್ಮನಿರುವ ಜಾತಿ. ತೋತಾಪುರಿ, ನೀಲಂ ಹೆಚ್ಚುಕಡಿಮೆ ವರ್ಷವೂ ಕೊಡುತ್ತವೆ. ಹೋದ ವರ್ಷ ಮರ ತುಂಬ ಕಾಯಿ ಇತ್ತು, ಈ ವರ್ಷ ಇಲ್ಲ ಅಂದರೆ ಮರ ರಜೆಯಲ್ಲಿದೆ.

ಇವೆರಡೂ ಅಲ್ಲದಿದ್ದರೆ ನೀರಿನ ಪೈಪು ನೋಡಿ. ಮಾವು ಹೂ ಬಿಡಲು ಒಂದು ಒಣ ವಿಶ್ರಾಂತಿ ಬೇಕು. ಮಳೆಗಾಲದಲ್ಲಿ ಬಂದ ಚಿಗುರು ಬಲಿತು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನೆಲ ಒಣಗಿ, ರಾತ್ರಿ ತಂಪಾದಾಗ ಮರ ಹೂವಿನ ಕಡೆ ತಿರುಗುತ್ತದೆ. ಆ ಮೂರು ತಿಂಗಳು ಪಕ್ಕದ ಗುಲಾಬಿಗೆ, ಹುಲ್ಲುಹಾಸಿಗೆ ಅಂತ ದಿನಾ ನೀರು ಬಿಡುತ್ತಿದ್ದರೆ ಮಾವು ಮತ್ತೆ ಎಲೆಯನ್ನೇ ಚಿಗುರಿಸುತ್ತದೆ. ನಮ್ಮ ಅಂಗಳದ ಮಲ್ಲಿಕಾ ಮಾವು ನಾಲ್ಕು ವರ್ಷ ಹೂ ಬಿಡದೆ ಸತಾಯಿಸಿತು. ಅಮ್ಮ ಅದರ ಬುಡದಲ್ಲಿ ಸೊಪ್ಪಿನ ಮಡಿ ಮಾಡಿದ್ದರು. ಮಡಿಯನ್ನು ಬಾವಿಕಟ್ಟೆ ಕಡೆಗೆ ಸಾಗಿಸಿದ ವರ್ಷವೇ ಹೂ ಬಂತು. ಕಾಯಿ ಕಡಲೆ ಗಾತ್ರ ಆದ ಮೇಲೆ ನೀರು ಕೊಡಬಹುದು, ಆಗ ಅದು ಬೇಕು ಕೂಡ.

ಅಕ್ಟೋಬರ್‌ನಲ್ಲಿ ಕೊಂಬೆ ಕತ್ತರಿಸಿದಿರಾ? ಹಾಗಾದರೆ ಹೂವನ್ನೇ ಕತ್ತರಿಸಿದಂತೆ. ಕತ್ತರಿ, ಗೊಬ್ಬರ ಎರಡೂ ಕೊಯ್ಲು ಮುಗಿದ ಕೂಡಲೇ, ಜೂನ್, ಜುಲೈನಲ್ಲಿ. ಬಿಸಿಲು ಬೀಳದ ಕೊಂಬೆಯೂ ಹೂ ಬಿಡದು. ಪಕ್ಕದವರು ಎರಡನೇ ಮಹಡಿ ಎತ್ತಿದ ವರ್ಷದಿಂದ ಆ ಕಡೆ ಹೂ ನಿಂತಿದ್ದರೆ ಕಾರಣ ಹುಡುಕುವ ಕೆಲಸ ಇಲ್ಲ.

ಹೂ ಬಂದು ಕರಗುವುದು ಬೇರೆ ದೋಷ. ಮೊದಲೇ ಒಂದು ಸಮಾಧಾನ: ಮಾವಿನ ಗೊಂಚಲಿನಲ್ಲಿ ಗಂಡು ಹೂಗಳೇ ಬಹಳ, ನೂರು ಹೂವಿಗೆ ಒಂದು ಕಾಯಿಯೂ ನಿಲ್ಲುವುದಿಲ್ಲ. ಉದುರುವುದು ಸಹಜ. ಆದರೆ ಗೊಂಚಲು ಪೂರ್ತಿ ಕಪ್ಪಾಗಿ ಒಣಗಿದರೆ ನೋಡಬೇಕು. ಗೊಂಚಲನ್ನು ಬೆರಳಲ್ಲಿ ತಟ್ಟಿ. ಚಿಟಪಟ ಅಂತ ಸಣ್ಣ ಹುಳಗಳು ಹಾರಿದರೆ, ಕೆಳಗಿನ ಎಲೆ ಅಂಟಂಟಾಗಿದ್ದರೆ ಜಿಗಿಹುಳು. ಬಿಳಿ ಹಿಟ್ಟು ಚಿಮುಕಿಸಿದಂತಿದ್ದರೆ ಬೂದಿ ರೋಗ. ಇಬ್ಬನಿ, ಮೋಡ ಅಥವಾ ಮಳೆ ಬಂದ ಮೇಲೆ ಕಪ್ಪು ಚುಕ್ಕೆ ಬಂದು ಸುಟ್ಟರೆ ಚಿಬ್ಬು ರೋಗ. ಬೂದಿಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ, ಬಿಸಿಲು ಏರುವ ಮೊದಲು. ಜಿಗಿಹುಳಿಗೆ ಗೊಂಚಲು ಹೊರಡುವಾಗಲೇ ಬೇವಿನ ಎಣ್ಣೆ ಹೊಡೆಯಬೇಕು. ಹೂ ಪೂರ್ತಿ ಅರಳಿದಾಗ ಯಾವ ಕೀಟನಾಶಕವೂ ಬೇಡ. ಮಾವಿಗೆ ಪರಾಗ ಸಾಗಿಸುವುದು ಹೆಚ್ಚಾಗಿ ನೊಣಗಳು. ನೊಣ ಸತ್ತರೆ ಕಾಯಿ ಎಲ್ಲಿಂದ ಬರಬೇಕು?

ಬೆಣ್ಣೆಹಣ್ಣಿನ ಹೂವಿನ ಲೆಕ್ಕ ವಿಚಿತ್ರ. ಒಂದೇ ಹೂವು ಮೊದಲು ಹೆಣ್ಣಾಗಿ ಅರಳಿ ಮುಚ್ಚಿಕೊಂಡು, ಮತ್ತೆ ಗಂಡಾಗಿ ಅರಳುತ್ತದೆ. ಎ ಮತ್ತು ಬಿ ಅಂತ ಎರಡು ಗುಂಪು, ಎರಡರ ಸಮಯ ಅದಲುಬದಲು. ಒಂಟಿ ಮರ ಹೂ ಸುರಿದು ಕಾಯಿ ಕಟ್ಟದಿದ್ದರೆ ಇನ್ನೊಂದು ಗುಂಪಿನ ಗಿಡ ನೆಟ್ಟು ನೋಡಿ. ಬೆಂಗಳೂರಿನ ಗೆಳೆಯರೊಬ್ಬರು ಅಕ್ರೋಟಿನ ಮರ ಹೂ ಬಿಟ್ಟಿಲ್ಲ ಅಂತ ಕೇಳಿದ್ದರು. ಅಕ್ರೋಟು, ನಿಜವಾದ ಬಾದಾಮಿ ಮರಗಳಿಗೆ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಕಾಶ್ಮೀರವನ್ನು ಹಿತ್ತಲಿಗೆ ತರಲಾಗುವುದಿಲ್ಲ.

ಹಲಸಿನ ಮಿಡಿ ಉದುರುವುದು

"ಮಿಡಿಗಳೆಲ್ಲ ಕಪ್ಪಾಗಿ ಉದುರುತ್ತಿವೆ" ಅಂತ ವರ್ಷವೂ ಯಾರಾದರೂ ಫೋನ್ ಮಾಡುತ್ತಾರೆ. ಉದುರಿದ್ದನ್ನು ಹೆಕ್ಕಿ ತೊಟ್ಟು ನೋಡಿ. ತೊಟ್ಟು ಸಪೂರ, ಮೈ ನಯ, ಎಲೆ ಇರುವ ಕಡ್ಡಿಯ ತುದಿಯಲ್ಲಿ ಬಂದದ್ದಾದರೆ ಅದು ಗಂಡು ಮಿಡಿ. ಪರಾಗ ಉದುರಿಸಿ, ಬೂಷ್ಟು ಹಿಡಿದು ಬೀಳುವುದೇ ಅದರ ಕೆಲಸ. ಹೆಣ್ಣು ಮಿಡಿ ಕಾಂಡ, ದಪ್ಪ ಕೊಂಬೆಯಲ್ಲಿ ಬರುತ್ತದೆ. ತೊಟ್ಟು ದಪ್ಪ, ಬುಡದಲ್ಲಿ ಉಂಗುರದಂಥ ಅಂಚು. ಅದು ಕೊಳೆತು ಬಿದ್ದರೆ ಮಾತ್ರ ಚಿಂತೆ. ಬಿದ್ದದ್ದನ್ನು ಮರದಡಿ ಬಿಡದೆ ಹೂಳಿ, ಕೊಂಬೆ ಒತ್ತಾಗಿದ್ದರೆ ಗಾಳಿಯಾಡುವಂತೆ ಬಿಡಿಸಿ.

ಗೇರು

ಗೇರಿನ ಹೊಸ ಚಿಗುರು, ಹೂಗೊಂಚಲು ಬೆಂಕಿ ತಾಗಿದಂತೆ ಒಣಗಿದರೆ ಟೀ ಸೊಳ್ಳೆ, ಹೆಸರು ಸೊಳ್ಳೆಯಾದರೂ ಇದು ರಸ ಹೀರುವ ತಿಗಣೆ. ಎಳೆ ಕಾಂಡದ ಮೇಲೆ ಕಪ್ಪು ಗಾಯ, ಅದರಿಂದ ಅಂಟು ಹನಿ ಕಂಡರೆ ಖಾತ್ರಿ. ಈ ಪುಟ್ಟ ಕೀಟಕ್ಕಾಗಿಯೇ ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು. ಅದನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರಲ್ಲಿ. ಅಲ್ಲಿನ ಮನೆಗಳ ಪಾಡು ಇನ್ನೂ ಮುಗಿದಿಲ್ಲ. ಮೂರು ಮರ ಇಟ್ಟುಕೊಂಡವರಿಗೆ ಅಂಥ ವಿಷ ಯಾಕೆ? ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಇದ್ದರೆ ಬಿಡಿ. ಟೀ ಸೊಳ್ಳೆಗೆ ಅದರಷ್ಟು ಒಳ್ಳೆಯ ಕಾವಲು ಇಲ್ಲ. ಬೀಜ ಹೆಕ್ಕುವಾಗ ಕಚ್ಚುತ್ತದೆ, ನಿಜ. ಚಗಳಿ ಚಟ್ನಿ ಮಾಡುವವರು ಬಂದರೆ ಎಲ್ಲ ಗೂಡು ಕೊಡಬೇಡಿ.

ಇಡೀ ಗೇರು ಮರ ನಿಧಾನವಾಗಿ ಹಳದಿಯಾದರೆ ಮತ್ತೆ ಬುಡಕ್ಕೇ ಬನ್ನಿ. ನೆಲದಿಂದ ಮೂರು ಅಡಿವರೆಗೆ ಅಂಟು, ಜಗಿದ ನಾರಿನ ಹೊಟ್ಟು ಇದೆಯೇ ನೋಡಿ. ಇದ್ದರೆ ಕಾಂಡ ಮತ್ತು ಬೇರು ಕೊರಕ. ತೊಗಟೆ ಬಿಡಿಸಿ ಹುಳ ಹುಡುಕಿ ತೆಗೆಯಬೇಕು. ಬೇಗ ಸಿಕ್ಕರೆ ಮರ ಉಳಿಯುತ್ತದೆ, ಎಲೆ ಉದುರಿದ ಮೇಲೆ ಕಷ್ಟ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಹತ್ತಿರ ಇರುವವರು ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರುವುದು ಒಳ್ಳೆಯದು.

ತೆಂಗು

ಗರಿ ಕತ್ತರಿಯಲ್ಲಿ ತ್ರಿಕೋನ ಕತ್ತರಿಸಿದಂತಿದ್ದರೆ ಕೊಂಬಿನ ದುಂಬಿ. ಅದು ಹುಟ್ಟುವುದು ನಿಮ್ಮ ಗೊಬ್ಬರದ ಗುಂಡಿಯಲ್ಲೇ, ದಪ್ಪ ಬಿಳಿ ಹುಳಗಳನ್ನು ಅಲ್ಲೇ ಹೆಕ್ಕಿ ಕೋಳಿಗೆ ಹಾಕಿ. ಕಾಂಡದ ತೂತಿನಿಂದ ಕಂದು ರಸ, ಜಗಿದ ನಾರು ಬರುತ್ತಿದ್ದರೆ ಕಿವಿಯನ್ನು ಮರಕ್ಕೆ ಒತ್ತಿ ಕೇಳಿ. ಕರಕರ ಸದ್ದು ಕೇಳಿದರೆ ಕೆಂಪು ಮೂತಿ ಹುಳ, ಇದು ತುರ್ತು. ಸುಳಿ ಬಾಗಿದ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಕಾಯಿಯ ಮೇಲೆ ತೊಟ್ಟಿನ ಹತ್ತಿರದಿಂದ ಕಂದು ಬಿರುಕು ಇಳಿದಿದ್ದರೆ ನುಸಿ ಪೀಡೆ, ಕಾಯಿ ಸಣ್ಣದಾಗುತ್ತದೆ, ಮರ ಸಾಯುವುದಿಲ್ಲ. ಹೊಸ ಗರಿ ಬಿಚ್ಚಿಕೊಳ್ಳದೆ ಮುದುಡಿ ಬಂದರೆ ಬೋರಾನ್ ಕೊರತೆ. ದೊಡ್ಡ ಮರಕ್ಕೆ 50 ಗ್ರಾಂ ಬೋರಾಕ್ಸ್, ಅಷ್ಟೇ. ಬೋರಾನ್ ಸ್ವಲ್ಪ ಹೆಚ್ಚಾದರೂ ವಿಷ.

ಕಾಯಿ, ಹಣ್ಣು

ಮಾವು, ಪೇರಲೆಯಲ್ಲಿ ಸೂಜಿ ಚುಚ್ಚಿದ ಗುರುತು, ಒಳಗೆ ಬಿಳಿ ಹುಳ ಇದ್ದರೆ ಹಣ್ಣುನೊಣ. ಬಿದ್ದ ಹಣ್ಣನ್ನು ದಿನಾ ಹೆಕ್ಕಿ ಎರಡು ಅಡಿ ಆಳದಲ್ಲಿ ಹೂಳುವುದೇ ದೊಡ್ಡ ಔಷಧಿ. ಮೀಥೈಲ್ ಯುಜಿನಾಲ್ ಎಂಬ ವಾಸನೆ ಪದಾರ್ಥದ ಬಲೆ ತೂಗಿಸಿದರೆ ಗಂಡು ನೊಣಗಳು ಬೀಳುತ್ತವೆ. ಬಲೆಯನ್ನು ಹಣ್ಣು ಮಾಗುವ ತಿಂಗಳು ಮೊದಲೇ ಕಟ್ಟಿ.

ಹೊರಗೆ ಚೆನ್ನಾಗಿದ್ದು ಓಟೆಯೊಳಗೆ ಕರಿ ಹುಳ ಇದ್ದರೆ ಅದು ಒಳಹೊಕ್ಕದ್ದು ಕಾಯಿ ಗೋಲಿ ಗಾತ್ರ ಇದ್ದಾಗ. ಈಗ ಏನು ಹೊಡೆದರೂ ದಂಡ. ಬಾದಾಮಿ ಮಾವಿನ ಒಳಗೆ ಬಿಳಿ ಸ್ಪಂಜಿನಂಥ ಹುಳಿ ಭಾಗ ಇದ್ದರೆ ಅಲ್ಲಿ ಹುಳ ಇಲ್ಲ, ರೋಗ ಇಲ್ಲ. ಮರದಲ್ಲೇ ಪೂರ್ತಿ ಮಾಗಲು ಬಿಟ್ಟಾಗ, ಕಾದ ನೆಲದ ಬಿಸಿಗೆ ಅದು ಜಾಸ್ತಿ. ಬುಡಕ್ಕೆ ಒಣ ಎಲೆಯ ದರಗು ಹೊದಿಸಿ, ಸ್ವಲ್ಪ ಮೊದಲೇ ಕೊಯ್ದು ಹುಲ್ಲಿನಲ್ಲಿ ಹಣ್ಣು ಮಾಡಿ. ದಾಳಿಂಬೆ, ನಿಂಬೆ ಒಡೆಯುವುದು ಹೆಚ್ಚಾಗಿ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಸುರಿದಾಗ.

ಗೊತ್ತಾಗದಿದ್ದರೆ

ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಆದರೆ ಒಂದು ಒಣಗಿದ ಎಲೆ ಹಿಡಿದು ಹೋಗಬೇಡಿ. ಪೂರ್ತಿ ಸತ್ತ ಭಾಗದಲ್ಲಿ ಅವರಿಗೂ ಏನೂ ಕಾಣುವುದಿಲ್ಲ. ಜೀವ ಇರುವ ಮತ್ತು ಒಣಗಿದ ಭಾಗ ಸೇರುವ ಜಾಗವನ್ನು ಕತ್ತರಿಸಿ ಒಯ್ಯಿರಿ. ಒಂದು ಹಿಡಿ ಸಣ್ಣ ಬೇರು, ಅರ್ಧ ಕಿಲೋ ಮಣ್ಣು, ಹಳೆ ಎಲೆ, ಹೊಸ ಎಲೆ ಬೇರೆ ಬೇರೆ ಕಾಗದದ ಕವರಿನಲ್ಲಿ ಇರಲಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಹೊಸ ಬೂಷ್ಟು ಬರುತ್ತದೆ. ಬುಡದ ಫೋಟೊ, ಇಡೀ ಮರದ ಫೋಟೊ ಎರಡೂ ಇರಲಿ. ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ನಾನು ನಿಂಬೆ ಬೇರು ಕಟ್ಟಿಕೊಂಡು ಹೋದಾಗ ಅವರು ಮೊದಲು ಕೇಳಿದ್ದು "ಯೂರಿಯಾ ಯಾವತ್ತು ಹಾಕಿದಿರಿ?" ಅಂತ. ಪುಟ ತಿರುವಿ ತಾರೀಖು ಹೇಳುವಾಗ ಸ್ವಲ್ಪ ನಾಚಿಕೆಯಾಯಿತು. ಗಿಡದ ಅರ್ಧ ಬದಿ ಉಳಿದಿದೆ, ಆ ಅರ್ಧದಲ್ಲಿ ಈ ಸಲ ಉಪ್ಪಿನಕಾಯಿಗೆ ಆಗುವಷ್ಟು ಕಾಯಿ ಇತ್ತು.